ಗಂಗಿ ಪೂರ್ತಿ ಚೆಲ್ಲದ ನೀರು

ಹೊನ್ನಾವರ ಪೇಟೆ ಇನ್ನೂ ಬಾಗಿಲು ತೆರೆದಿಲ್ಲ. ಬಟ್ಟೆ ಅಂಗಡಿಯ ದಿನಕರ ಅವರ ಚಾವಡಿಯಲ್ಲಿ ಮಂಕಿಯ ಗಂಗಿ ಮೀನಿನ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ತೆಳ್ಳನೆಯ ಪೈಪಿನ ಒಂದು ತುದಿ ತೊಟ್ಟಿಯ ತಳದಲ್ಲಿ, ಇನ್ನೊಂದು ಅವರ ಬಾಯಲ್ಲಿ. ಒಮ್ಮೆ ಉಸಿರೆಳೆದು ಬಕೆಟ್ಟಿಗೆ ಬಿಟ್ಟರೆ ಕಸದ ನೀರು ತಾನಾಗಿ ಇಳಿಯುತ್ತದೆ. ಕಾಲು ಭಾಗ ಇಳಿದದ್ದೇ ಪೈಪು ಹೊರಗೆ. ಅದರ ಮೇಲೆ ಇನ್ನೊಂದು ಚೊಂಬು ತೆಗೆಯಿರಿ ಎಂದು ಯಾರು ಹೇಳಿದರೂ ಕೇಳುವ ಜನ ಅವರಲ್ಲ. ತೊಟ್ಟಿಯಲ್ಲಿ ಉಳಿದಿರುವುದು ಒಂದೇ ಒಂದು ಕೇಸರಿ ಮೀನು. ಅದು ಆಹಾರ ಮುಟ್ಟದೆ ವಾರ ಕಳೆದಿದೆ.

ಹಿಂದೆ ಗಂಗಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವರು. ಗಂಡ ಕಡಲಿಗೆ ಹೋದವರು ಮರಳಲಿಲ್ಲ. ಆಮೇಲೆ ಸಂಸಾರ ಎಳೆದದ್ದು ಆ ಬುಟ್ಟಿಯೇ. ಕುತ್ತಿಗೆ ನೋವು ಹೆಚ್ಚಾಗಿ ಡಾಕ್ಟರು ತಲೆಹೊರೆ ಬೇಡವೆಂದಾಗ, ಭಟ್ಕಳದಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದರಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿದರು. ವಿದ್ಯೆ ಕೈಗೆ ಹತ್ತಿದ್ದು ಅಲ್ಲಿ. ಈಗ ಭಟ್ಕಳದಿಂದ ಕುಮಟಾದವರೆಗೆ ಇಪ್ಪತ್ತರ ಹತ್ತಿರ ಮನೆಗಳ ತೊಟ್ಟಿ ನೋಡಿಕೊಳ್ಳುತ್ತಾರೆ.

"ಸತ್ತ ಮೀನು ಮಾರಿ ಮಾರಿ ಸಾಕಾಗಿತ್ತು. ಈಗ ಕಿವಿರು ಎತ್ತಿ ನೋಡೂದಲ್ಲ, ಆಡ್ತದಾ ಅಂತ ನೋಡೂದು," ಎನ್ನುತ್ತಾರೆ.

ನೀರು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ಕೇಳದ ಮನೆಯಿಲ್ಲ. ಅವರದು ಒಂದೇ ಉತ್ತರ: ವಾರಕ್ಕೊಮ್ಮೆ, ಕಾಲು ಪಾಲು. ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ. ಅದು ಹೋಗಲು ಹಿಂದಿನ ದಿನವೇ ಅಗಲ ಬಾಯಿಯ ಟಬ್ಬಿನಲ್ಲಿ ತುಂಬಿಡಬೇಕು. ಬೇಸಿಗೆಯಲ್ಲಿ ಹೊಳೆಬದಿಯ ಬಾವಿಗಳು ಉಪ್ಪಾಗುವುದರಿಂದ ನಾಲಿಗೆಗೆ ಮುಟ್ಟಿಸಿ ನೋಡಿಯೇ ಸುರಿಯುತ್ತಾರೆ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎಂಬ ಗಾದೆ ಹೊಳೆಗೆ ಸರಿ, ತೊಟ್ಟಿಗೆ ಸಲ್ಲದು. "ಹಳೆ ನೀರು ಇದ್ರೇ ಹೊಸ ನೀರು ಒಗ್ಗೂದು," ಎನ್ನುವುದು ಗಂಗಿಯ ಮಾತು.

ಈ ಮನೆಯಲ್ಲಿ ಆದದ್ದು ಅದರ ತಿರುಗುಮುರುಗು. ದಿನಕರರ ಹೆಂಡತಿ ಸರೋಜಾ ಶಾಲೆಯಲ್ಲಿ ಕಲಿಸುತ್ತಿದ್ದವರು, ಊರಿಗೆಲ್ಲ ಸರೋಜಾ ಅಕ್ಕೋರು. ತೊಟ್ಟಿ ಅವರದು, ಮೀನು ಅವರು ಸಾಕಿದ್ದು. ಮೊನ್ನೆ ಮೊನ್ನೆ ಅಕ್ಕೋರು ತೀರಿಕೊಂಡರು. ಸೂತಕ ಕಳೆದ ದಿನ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲುವುದು ಈ ಮನೆಯ ವಾಡಿಕೆ. ಹಂಡೆ, ಕೊಡ, ಬಾನಿ ಬರಿದಾದವು. ದಿನಕರರ ಸೋದರತ್ತೆ ಬೆಳ್ಳಿಯಮ್ಮ ತೊಟ್ಟಿಯನ್ನೂ ಬಿಡಲಿಲ್ಲ. ಮೀನುಗಳನ್ನು ಪಾತ್ರೆಗೆ ಹಾಕಿ, ಜಲ್ಲಿಯನ್ನು ಸೋಪಿನ ಪುಡಿಯಲ್ಲಿ ತಿಕ್ಕಿ, ಬಾವಿಯ ತಣ್ಣೀರು ತುಂಬಿಸಿದರು. ಅವರನ್ನು ದೂರಲು ಬಾಯಿ ಬಾರದು, ಮನೆ ಶುದ್ಧವಾಗಲೆಂದೇ ಮಾಡಿದ್ದು. ಮರುದಿನ ಬೆಳಿಗ್ಗೆ ಮೂರು ಮೀನು ತೇಲಿದ್ದವು. ನಾಲ್ಕನೆಯದು ತಳ ಹಿಡಿದು ಬಾಯಿ ಬಿಡುತ್ತಿತ್ತು.

ದಿನಕರ ಫೋನು ಮಾಡಿದ ಕೂಡಲೇ ಗಂಗಿ ಮಂಕಿಯಿಂದ ಬಂದರು. ಕೈಯಲ್ಲಿ ಒಂದು ಕ್ಯಾನು ಹಳೆ ನೀರು, ಒದ್ದೆ ಬಟ್ಟೆಯಲ್ಲಿ ಕಟ್ಟಿದ ಪಾಚಿ ಜಲ್ಲಿ. ಇದ್ದದ್ದನ್ನೆಲ್ಲ ಚೆಲ್ಲಿದ ಮನೆಗೆ ಯಾರದೋ ಕೊಳಕು ನೀರೇ ಎಂದು ಬೆಳ್ಳಿಯಮ್ಮ ಅಡ್ಡ ನಿಂತರು. ದಿನಕರ ಕ್ಯಾನನ್ನು ತಾವೇ ಒಳಗೆ ಒಯ್ದರು. ಮೀನು ಬೇಕಾದರೆ ಪೇಟೆಯಲ್ಲಿ ಸಿಗುತ್ತದೆ, ಸರೋಜಾ ಸಾಕಿದ್ದು ಸಿಗುವುದಿಲ್ಲ ಎಂದು ಆಮೇಲೆ ಹೇಳಿಕೊಂಡರು. ಅಂದಿನಿಂದ ಗಂಗಿ ದಿನವೂ ಮೊದಲ ಬಸ್ಸಿಗೆ ಬಂದು ಮೀನು ನೋಡಿ ಹೋಗುತ್ತಿದ್ದಾರೆ.

ಇಂದು ಅವರು ಹೊಸ ನೀರನ್ನು ಅಂಗೈ ಮೇಲೆ ಬೀಳಿಸಿ ಸಣ್ಣಗೆ ಸುರಿಯುತ್ತಾರೆ. ದಿನಕರ, ಹೆಂಡತಿ ಮಾಡುತ್ತಿದ್ದಂತೆಯೇ, ಗಾಜಿಗೆ ಉಗುರು ತಾಗಿಸಿ ಚಿಟಿಕೆ ಆಹಾರ ಉದುರಿಸುತ್ತಾರೆ. ಮೀನು ನಿಧಾನಕ್ಕೆ ಮೇಲೆ ಬರುತ್ತದೆ. ಒಂದು ಕಾಳು ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಮತ್ತೆ ತೆಗೆದುಕೊಂಡು ನುಂಗುತ್ತದೆ.

ದಿನಕರರ ಕಣ್ಣು ತುಂಬುತ್ತದೆ. "ಅವಳು ಮುಟ್ಟಿದ ನೀರು ಒಂದು ತೊಟ್ಟೂ ಉಳೀಲಿಲ್ಲ, ಗಂಗಿ."

ಗಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಆ ದಿನ ನಾ ತಂದದ್ದು ಯಾರ ನೀರು ಅಂತ ಮಾಡಿದ್ರಿ? ನಮ್ಮನೇಲಿ ಒಂದು ಸಣ್ಣ ತೊಟ್ಟಿ ಇಟ್ಟಾಗ ಮೊದ್ಲ ಕೊಡ ನೀರು, ಜಲ್ಲಿ ಕೊಟ್ಟವ್ರು ಅಕ್ಕೋರೇ, ಇದೇ ತೊಟ್ಟಿದು. ವಾರ ವಾರ ಕಾಲು ಪಾಲು ಬದ್ಲು ಮಾಡೂದು. ಪೂರ್ತಿ ಒಂದಿನನೂ ಚೆಲ್ಲಲಿಲ್ಲ."