ಚೀನಾದ ಚೆನ್‌ಗೆ ನಾನು ಕೊಡಿಸಿದ ಮನೆ

ನನ್ನ ಹೆಸರು ನದೀಮ್, ಊರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದೆ. ಒಂದೇ ಪ್ಯಾಂಟಿಗೆ ಎರಡು ಎಡಗಾಲು ಜೋಡಿಸಿದ್ದಕ್ಕೆ ಮೂರನೇ ವಾರ ಮನೆಗೆ ಕಳಿಸಿದರು. ಗಣಿ ದಂಧೆ ಏರಿದ್ದ ಕಾಲ. ದಿನವೂ ಹೊಸಬರು ಬಂದಿಳಿಯುತ್ತಿದ್ದರು, ಎಲ್ಲರಿಗೂ ಮನೆ ಬೇಕಿತ್ತು. ನಾನು ಬ್ರೋಕರ್ ಆದೆ. ಕೌಲ್ ಬಜಾರಿನ ನನ್ನ ಬಾಡಿಗೆ ಮನೆಯ ಮೇಲೊಂದು ಖಾಲಿ ಕೋಣೆಯಿತ್ತು. ಮನೆಯೊಡತಿ ಅಂಬಮ್ಮ ಸುಮ್ಮನೆ ಬಿಟ್ಟುಕೊಟ್ಟಳು. ಅದಕ್ಕೆ ‘ಆಫೀಸು’ ಎಂದು ಬೋರ್ಡು ಬರೆಸಿದೆ.

೨೦೦೭ರಲ್ಲಿ ಅದಿರು ಪರೀಕ್ಷಿಸುವ ಚೆನ್ ಚೀನಾದಿಂದ ಬಂದ. ಎರಡು ತಿಂಗಳು ಲಾಡ್ಜಿನಲ್ಲಿದ್ದು ಬಳಲಿಹೋಗಿದ್ದ. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ಅವನ ಕಂಪನಿಯವರಿಗೆ ಹೇಳಿಬಿಟ್ಟಿದ್ದೆ. ಬರುತ್ತಿದ್ದದ್ದು ‘ಗುಡ್ ಹೌಸ್’, ‘ನೋ ಪ್ರಾಬ್ಲಂ’, ಎರಡೇ. ಪುಣ್ಯಕ್ಕೆ ಅವನದೂ ಹೆಚ್ಚುಕಡಿಮೆ ಅಷ್ಟೇ.

ಮೊದಲು ನಿವೃತ್ತ ಮೇಷ್ಟ್ರು ರಾಮಪ್ಪನವರ ಮನೆಗೆ ಹೋದೆವು.

“ಏನ್ ತಿಂತಾನಪಾ ಇಂವ?” ಎಂದರು.

“ಅನ್ನ-ಮೊಸರು ಬಿಟ್ರ ಏನೂ ಮುಟ್ಟಂಗಿಲ್ರೀ ಸರ್.”

ಅಷ್ಟರಲ್ಲಿ ಚೆನ್ ನಗುತ್ತಾ ಬ್ಯಾಗು ತೆರೆದು, ಊರಿಂದ ತಂದ ಒಣಮೀನಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಮೇಷ್ಟ್ರಿಗೆ ಕಾಣಿಕೆಯಾಗಿ ನೀಡಿದ. ನಾವು ಹೊರಗೆ ಬಂದೆವು.

ಎರಡನೆಯ ಮನೆಯವರು ಚೆನ್‌ನನ್ನು ಒಪ್ಪಿದರು. ನನ್ನ ಹೆಸರು ಕೇಳಿದ ಮೇಲೆ ಹಿಂದೆ ಸರಿದರು. “ಮನಿ ನನಗಲ್ರೀ, ಇವ್ರಿಗೆ” ಎಂದು ಎಷ್ಟು ಹೇಳಿದರೂ ಬಾಗಿಲು ತೆರೆಯಲಿಲ್ಲ.

ಐದು ದಿನ ಹೀಗೇ ಅಲೆದೆವು. ಆರನೇ ದಿನ ಚಹಾ ಕುಡಿಸಲು ನನ್ನ ಮನೆಗೇ ಕರೆತಂದೆ. ಚೆನ್ ಬೂಟು ಕಳಚಿ, ಅಂಗಳದ ಕಟ್ಟೆಗೆ ಒರಗಿದವನು ಹಾಗೇ ನಿದ್ದೆಹೋದ. ಕೂದಲ ತುಂಬ ಅದಿರಿನ ಕೆಂಪು ಧೂಳು. ಅಂಬಮ್ಮ ಬಂದು ನೋಡಿದಳು.

“ಪಾಪ, ಎಷ್ಟ್ ದೂರದಿಂದ ಬಂದೈತಿ ಕೂಸು! ಮ್ಯಾಲಿನ ಕೋಣಿ ಕೊಡೋಣ ಬಿಡು.”

“ಅಮ್ಮಾ, ಅದು ನನ್ನ ಆಫೀಸು!”

“ಅಲ್ಲಿ ನೀ ಮಾಡೋ ಕೆಲ್ಸ ಏನೈತಿ? ಮಧ್ಯಾಹ್ನ ಮಲಗ್ತೀ ಅಷ್ಟ. ಕೆಳಗ ಮಲಗು ಲೇ!”

ಸಂಜೆಯೊಳಗೆ ಬೋರ್ಡು ಇಳಿಸಿದೆ.

ಆರು ತಿಂಗಳಲ್ಲಿ ಚೆನ್ ಕನ್ನಡ ಕಲಿತ. ಮನೆ ಹುಡುಕಿಕೊಂಡು ಬಂದವರನ್ನು “ಬರ್ರಿ, ಕುಂದರ್ರಿ” ಎಂದು ಅವನೇ ಕೂರಿಸುತ್ತಿದ್ದ. ನಾನು ಹತ್ತು ಸಲ ಆಣೆ ಹಾಕಿದರೂ ನಂಬದವರು ಅವನ “ಮನಿ ಚಲೋ ಐತಿ” ಎಂಬ ಒಂದೇ ಮಾತಿಗೆ ಒಪ್ಪುತ್ತಿದ್ದರು. ನನಗೆ ಹೊಟ್ಟೆಕಿಚ್ಚು, ಜೊತೆಗೆ ಗಿರಾಕಿಯೂ!

ಮೂರು ವರ್ಷ ಇದ್ದು ಹೊರಟ. ಅಂಬಮ್ಮ ಹೋಳಿಗೆ ಕಟ್ಟಿಕೊಟ್ಟು ಅತ್ತಳು. ರೈಲು ಹತ್ತುವ ಮುಂಚೆ ಚೆನ್ ನನ್ನ ಡೈರಿಯಲ್ಲಿ ತನ್ನ ವಿಳಾಸ ಬರೆದುಕೊಟ್ಟ. ಓದಲು ಬಂದವನಂತೆ ನಾನು ತಲೆಯಾಡಿಸಿದೆ. ಪೂರ್ತಿ ಚೀನೀ ಅಕ್ಷರ. ಕಾಗದ ಹಾಕಬೇಕೆಂದು ಇವತ್ತಿಗೂ ಆಗಾಗ ಆ ಪುಟ ತೆರೆದು ನೋಡುತ್ತೇನೆ.