ಹದಿನೆಂಟು ಸರಿಯಾದರೆ ಮಾತ್ರ ಕೆಲಸ

ಬೆಳಗಿನ ಐದೂಕಾಲು. ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಮಹಡಿಯ ಹಿಂದಿನ ಕೋಣೆಯಲ್ಲಿ ಎಪ್ಪತ್ತೊಂದರ ನಿವೃತ್ತ ಇಂಗ್ಲಿಷ್ ಅಧ್ಯಾಪಕಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಾರೆ. ಗಂಡ ಗಡಿಯಾರ ರಿಪೇರಿಯವರು. ಆದರೂ ಈ ಕೋಣೆಯಲ್ಲಿ ಒಂದು ಗಡಿಯಾರವೂ ಇಲ್ಲ. ಟಿಕ್ ಟಿಕ್ ಸದ್ದು ಇಲ್ಲಿ ನಿಷಿದ್ಧ.

ದಿನ ಶುರುವಾಗುವುದು ಪರೀಕ್ಷೆಯಿಂದ. ಗಂಡ ಮೊದಲೇ ಮುದ್ರಿಸಿಟ್ಟ ಇಪ್ಪತ್ತು ಉಚ್ಚಾರಗಳನ್ನು ದಿನಕ್ಕೊಂದು ಕ್ರಮದಲ್ಲಿ ಕೇಳಿಸುತ್ತಾರೆ, ಹೆಂಡತಿ ಕೇಳಿದ್ದನ್ನು ಬರೆಯುತ್ತಾರೆ. ಹದಿನೆಂಟು ಸರಿಯಾದರೆ ಕೆಲಸ. ಇಲ್ಲವಾದರೆ ಅಂದು ರಜೆ.

"ನನಗೆ ಈ ವಿದ್ಯೆಯ ತಲೆಬುಡ ತಿಳಿಯಲ್ಲ," ಎನ್ನುತ್ತಾರೆ ಗಂಡ. "ಉತ್ತರದ ಹಾಳೆ ನನ್ನ ಕೈಲಿದೆ, ಅದಕ್ಕೇ ನಾನು ಮೇಷ್ಟ್ರು."

ಅಧ್ಯಾಪಕಿ ಸಿದ್ಧಪಡಿಸುತ್ತಿರುವುದು ಈ ಊರಿನ ಇಂಗ್ಲಿಷ್ ಉಚ್ಚಾರದ ಕೋಶ. ಒಂಬತ್ತು ಸಾವಿರ ಪದ. ಪದವೊಂದಕ್ಕೆ ನಾಲ್ವರ ಧ್ವನಿ. ನರ್ಸು, ಕಂಡಕ್ಟರ್, ದರ್ಜಿ, ಅಂಚೆಯಣ್ಣ, ಎಲ್ಲರೂ ಈ ಟೇಪುಗಳಲ್ಲಿದ್ದಾರೆ. ಒಂದೊಂದು ಧ್ವನಿಯನ್ನೂ ಒಂಬತ್ತು ಸಲ ಕೇಳಿ, ನಾಲಿಗೆ ಎಲ್ಲಿ ತಾಗಿತು, ಉಸಿರು ಎಷ್ಟು ಹೊರಟಿತು ಎಂದು ಚೀಟಿಯಲ್ಲಿ ಗುರುತಿಸುತ್ತಾರೆ. ದಿನಕ್ಕೆ ಐದು ಪದವಾದರೆ ಹೆಚ್ಚು. ಹನ್ನೊಂದು ವರ್ಷದಿಂದ ಇದೇ ನಡೆದಿದೆ.

"ಸರಿಯಾದ ಉಚ್ಚಾರ ಯಾವುದು ಅಂತ ಎಲ್ಲರೂ ಕೇಳ್ತಾರೆ. ನಮ್ಮ ಜನ ಹೇಗೆ ಮಾತಾಡ್ತಾರೆ ಅಂತ ಯಾರೂ ಕೇಳಲ್ಲ. ಇಷ್ಟು ಜನ ಇಷ್ಟು ವರ್ಷ ಆಡಿದ ಮೇಲೆ ಅದಕ್ಕೂ ಒಂದು ದಾಖಲೆ ಬೇಡ್ವಾ?"

ನಡುವೆ ಒಮ್ಮೆ ಎಡವಿದ್ದುಂಟು. ಮೂರನೆಯ ವರ್ಷ ಹಳೆಯ ಚೀಟಿಗಳನ್ನು ಟೇಪಿನೊಂದಿಗೆ ತಾಳೆ ನೋಡಿದಾಗ ತಪ್ಪು ಕಂಡಿತು. ಜನ ಆಡಿದ್ದೇ ಒಂದು, ಚೀಟಿಯಲ್ಲಿದ್ದದ್ದೇ ಇನ್ನೊಂದು. "ಮೂವತ್ತೊಂದು ವರ್ಷ ಪಾಠ ಹೇಳಿದವಳ ಕಿವಿ ನೋಡಿ. ಅವರು ಅಂದದ್ದನ್ನ ಬಿಟ್ಟು, ಅನ್ನಬೇಕಾಗಿದ್ದದ್ದನ್ನ ಬರೆದಿದ್ದೆ." ಸಾವಿರದ ಒಂಬೈನೂರು ಚೀಟಿಗಳನ್ನು ಹರಿದು ಮೊದಲಿನಿಂದ ಬರೆದರು. ಬೆಳಗಿನ ಪರೀಕ್ಷೆ ಹುಟ್ಟಿದ್ದು ಆಗ.

ಈಗ ಆ ಪರೀಕ್ಷೆಯೇ ಕಠಿಣವಾಗುತ್ತಿದೆ. ತೆಳುವಾದ ಸದ್ದುಗಳು ಕಿವಿಯಿಂದ ಒಂದೊಂದಾಗಿ ಜಾರುತ್ತಿವೆ. ಈ ಕೆಲಸಕ್ಕೆ ಕಿವಿ ಒದಗುವುದು ಹೆಚ್ಚೆಂದರೆ ಇನ್ನೊಂದು ವರ್ಷ ಎಂದಿದ್ದಾರೆ ವೈದ್ಯರು. ಉಳಿದಿರುವುದು ಇನ್ನೂರ ಹನ್ನೆರಡು ಪದ. ಕಳೆದ ತಿಂಗಳು ಕೆಲಸ ನಡೆದದ್ದು ಒಂಬತ್ತೇ ದಿನ.

ಇಂದಿನ ಹಾಳೆಯನ್ನು ಗಂಡ ಎರಡು ಸಲ ಎಣಿಸುತ್ತಾರೆ. ಹದಿನೇಳು.

"ಒಂದು ತಾನೇ, ಬಿಡೇ. ಹದಿನೆಂಟು ಅಂತ ಹಾಕ್ತೀನಿ."

"ಹಾಕಿ ನೋಡಿ. ನಾಳೆಯಿಂದ ಬೇರೆ ಮೇಷ್ಟ್ರನ್ನ ಹುಡುಕ್ಕೋತೀನಿ."

"ಸಂಬಳ ಇಲ್ಲದ ಕೆಲಸಕ್ಕೆ ಯಾರು ಬರ್ತಾರೆ, ಬರಲಿ ನೋಡೋಣ," ಎಂದು ಗೊಣಗುತ್ತಲೇ ಅವರು ಕ್ಯಾಲೆಂಡರಿನಲ್ಲಿ ಹದಿನೇಳು ಎಂದೇ ಬರೆಯುತ್ತಾರೆ. ಅಧ್ಯಾಪಕಿ ಹೆಡ್‌ಫೋನ್ ತೆಗೆದು, ಬರೆಯದ ಐದು ಚೀಟಿಗಳನ್ನು ಡ್ರಾಯರಿಗೆ ಹಿಂದಿರುಗಿಸುತ್ತಾರೆ.

"ಅಷ್ಟನ್ನೂ ನಾನೇ ಕೇಳಿ ಮುಗಿಸಬೇಕು ಅಂತ ಆಸೆ. ಆಗಲಿಲ್ಲ ಅಂದ್ರೆ ಜಾಗ ಖಾಲಿ ಬಿಡ್ತೀನಿ. ಖಾಲಿ ಇದ್ದದ್ದನ್ನ ನಾಳೆ ಯಾರಾದ್ರೂ ತುಂಬ್ತಾರೆ. ಬರೆದದ್ದನ್ನ ಮಾತ್ರ ಯಾರೂ ತಿದ್ದೋ ಹಾಗಾಗಬಾರದು."