ಅಗಸಿ ತುಂಬಿದ ಯುದ್ಧನೌಕೆ

ಹುಮನಾಬಾದಿನ ಕಾಳಿನ ಪೇಟೆಗೆ ಇನ್ನೂ ಪೂರ್ತಿ ಬೆಳಕು ಇಳಿದಿಲ್ಲ. ಮಹಾರುದ್ರಪ್ಪನವರ ಪಂಪಿನ ಮೋಟಾರ್ ರಿಪೇರಿ ಅಂಗಡಿಯ ಹಿಂದೆ, ದನ ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ಮೂರು ಅಡಿ ಉದ್ದದ ಯುದ್ಧನೌಕೆಯೊಂದು ತೇಲುತ್ತಿದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ದ್ರೌಪತಿ, ಹಡಗಿನ ಒಳಗೋಡೆಗೆ ಕಟ್ಟಿದ ಬಟ್ಟೆಯ ಚೀಲಗಳಿಗೆ ಚಿಟಿಕೆ ಚಿಟಿಕೆ ಅಗಸಿ ಕಾಳು ಹಾಕುತ್ತಿದ್ದಾರೆ. ಬಾಯಾರಿದ ಎಮ್ಮೆ ಪಕ್ಕದಲ್ಲಿ ನಿಂತು ನೋಡುತ್ತಿದೆ.

"ತಡಿ ನಮ್ಮವ್ವ, ಇನ್ನೊಂದೀಟು ಎಡಕ್ಕ ವಾಲಾಕತ್ತದ," ಎಂದು ಅವರು ಎಮ್ಮೆಗೆ ಹೇಳುತ್ತಾರೆ.

ಈ ಪೇಟೆಯಲ್ಲೇ ತಲೆ ಹಣ್ಣಾದ ನನಗೆ ನೆನಪಿರುವ ಮಟ್ಟಿಗೆ, ಈ ಊರಲ್ಲಿ ಎಮ್ಮೆಯನ್ನು ಕಾಯುವಂತೆ ಮಾಡಿದ ಮೊದಲ ಯುದ್ಧನೌಕೆ ಇದೇ.

ದ್ರೌಪತಿ ಮೋರಖಂಡಿ ಹಳ್ಳಿಯ ಕೂಲಿ ಮನೆತನದವರು. ಕಲ್ಯಾಣಿ ಎಂಬ ಊರಿಗೆ ಬಸವಕಲ್ಯಾಣ ಎಂದು ಹೆಸರಾದ ಐವತ್ತಾರನೇ ಇಸವಿಯಲ್ಲಿ ಹುಟ್ಟಿ, ಈಗ ಮೂವತ್ತಕ್ಕೆ ಬಂದಿದ್ದಾರೆ. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವುದನ್ನು ಗಂಡ ಉತ್ತಮನಿಂದ ಕಲಿತರು. ಉತ್ತಮ ತೀರಿಕೊಂಡು ಎಂಟು ದಿನಕ್ಕೆ, ಆತ ಅರ್ಧ ಸುತ್ತಿಟ್ಟಿದ್ದ ಮೋಟಾರನ್ನು ಈಕೆಯೇ ಪೂರ್ತಿ ಮಾಡಿಕೊಟ್ಟರು. ಅಂದಿನಿಂದ ಇದೇ ಅಂಗಡಿಯಲ್ಲಿ ದಿನಕ್ಕೊಂದು ಮೋಟಾರು, ಬಿಸಿಲುಗಾಲದಲ್ಲಿ ಎರಡು. ಸುತ್ತು ಎಣಿಸುವಾಗ ಮಾತಾಡಿಸಬಾರದು. "ಚಹಾ ಕುಡದ್ಯಾ?" ಎಂದರೆ "ನಲವತ್ಮೂರು" ಎನ್ನುತ್ತಾರೆ.

ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಮಹಾರುದ್ರಪ್ಪನವರ ಹೆಸರೊಂದೇ. ಅವರು ಒಂದು ಸುತ್ತನ್ನೂ ಸುತ್ತಿದವರಲ್ಲ. ಆದರೂ ರೈತರು ಬಂದು, "ಸಾವ್ಕಾರ್ರ, ನಿಮ್ಮ ಕೈ ಅಂದ್ರ ಕೈ ನೋಡ್ರಿ" ಎನ್ನುತ್ತಾರೆ. ಸಾಹುಕಾರರು ಕೈ ನೋಡಿಕೊಳ್ಳುತ್ತಾರೆ.

ಹಡಗಿನ ಹುಚ್ಚು ಹಚ್ಚಿದವರು ಬಸವಕಲ್ಯಾಣದ ರೇಡಿಯೊ ರಿಪೇರಿಯ ಗಯಾಸುದ್ದೀನ್. ಅವರ ಭಾವಮೈದುನ ಜಿದ್ದಾದಿಂದ ತಂದ ಆಟಿಕೆ ಕಾರುಗಳ ರಿಮೋಟು ಕಿತ್ತು, ತಾವೇ ಮಾಡಿದ ಆಟದ ಹಡಗಿಗೆ ಕೂಡಿಸಿದರು. ಆ ಹಡಗಿನ ಮೋಟಾರು ಸುಟ್ಟಾಗ ಸುತ್ತಿಕೊಟ್ಟ ದ್ರೌಪತಿ, ತನಗೂ ಒಂದು ಬೇಕೆಂದು ಹಟ ಹಿಡಿದರು. ಸ್ಟೋವಿನ ಹಿತ್ತಾಳೆ ಕೊಳವೆಯೇ ತೋಪು, ಸೈಕಲ್ಲಿನ ಬೇರಿಂಗಿನ ಉಕ್ಕಿನ ಗೋಲಿ, ಛರ್ರೆಯೇ ಗುಂಡು. ಗುಂಡು ತೂರಿಹೋಗುವಂತೆ ಹಡಗಿನ ಪಕ್ಕ ಬೆಂಕಿಪೊಟ್ಟಣದ ಗೋಡೆಯಷ್ಟು ತೆಳ್ಳಗಿರಬೇಕು, ಅದು ಆಟದ ನಿಯಮ. ತೂತು ಬಿದ್ದು ಮುಳುಗಿದವರು ಸೋತರು.

ದ್ರೌಪತಿಯವರ ಹಡಗು ನಾಲ್ಕು ಸಲ ಮುಳುಗಿದೆ. ತೂಕಕ್ಕಿಟ್ಟ ಕಲ್ಲು ತೋಪು ಹಾರಿದ ಕೂಡಲೇ ಒಂದೇ ಕಡೆ ಉರುಳುತ್ತಿತ್ತು. ಅದಕ್ಕೇ ಈ ಸಲ ಅಗಸಿ.

"ಬೋರ್ಡ್ ಮ್ಯಾಲ ನಂದೂ ಹೆಸರು ಬರಸ್ರಿ ಸಾವ್ಕಾರ್ರ," ಎಂದು ಹೋದ ವಾರ ಅವರು ಕೇಳಿದಾಗ, ಚಹಾಕ್ಕೆ ಕೂತ ಮಂದಿಯ ಎದುರು ಮಹಾರುದ್ರಪ್ಪ ನಕ್ಕಿದ್ದರು. "ಗಯಾಸನ ಮುಂದ ನಿನ್ನ ಹಡಗ ಹದಿನೈದು ನಿಮಿಷ ತೇಲಿದ್ರ ಬರಸ್ತೀನಿ, ಹೋಗು!"

ಆ ಹದಿನೈದು ನಿಮಿಷ ಇವತ್ತಿನದು.

ಹತ್ತು ಗಂಟೆಗೆ ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಜನ ಕೂಡಿದ್ದಾರೆ. ಗಡಿಯಾರ ಮಹಾರುದ್ರಪ್ಪನವರ ಕೈಯಲ್ಲಿ. ಆರನೇ ನಿಮಿಷಕ್ಕೆ ದ್ರೌಪತಿಯವರ ಹಡಗಿಗೆ ಐದು ತೂತು. ಒಂಬತ್ತಕ್ಕೆ ಎಡಪಕ್ಕ ನೀರಿಗೆ ತಾಗುತ್ತದೆ. ಸಾಹುಕಾರರು ಆಗಲೇ ಧೋತ್ರದ ಚುಂಗು ಕೊಡವಿ ಎದ್ದುನಿಂತಿದ್ದಾರೆ.

ಆದರೆ ಹಡಗು ಅಲ್ಲಿಂದ ಕೆಳಗೆ ಇಳಿಯುವುದಿಲ್ಲ. ಹತ್ತಾಯಿತು, ಹನ್ನೆರಡಾಯಿತು. ಗಯಾಸುದ್ದೀನರ ಛರ್ರೆ ಮುಗಿಯುತ್ತವೆ. ಹದಿನೈದಾದರೂ ಮಹಾರುದ್ರಪ್ಪ ಗಡಿಯಾರವನ್ನು ಕಿವಿಗೆ ಹಿಡಿದು ಅಲುಗಾಡಿಸುತ್ತಿದ್ದಾರೆ.

"ಗಡಿಯಾರ ನಡದದ ಸಾವ್ಕಾರ್ರ, ನೀವೇ ನಿಂತೀರಿ," ಎಂದು ಗಯಾಸುದ್ದೀನ್ ನೀರಿಗಿಳಿದು ಹಡಗು ಎತ್ತುತ್ತಾರೆ. ಒಳಗೆ ಕೈ ಹಾಕಿದವರು ಹೌಹಾರುತ್ತಾರೆ. "ಯಾ ಅಲ್ಲಾ! ಇದೇನ್ ಬೆಹನ್, ಲೋಳಿ ಲೋಳಿ!"

ನೆನೆದ ಅಗಸಿ ಉಬ್ಬಿ, ಅಂಟಾಗಿ, ಒಂದೊಂದು ತೂತಿಗೂ ಒಳಗಿನಿಂದ ಒತ್ತಿ ಕೂತಿದೆ.

"ಇದು ಮೋಸ!" ಎನ್ನುತ್ತಾರೆ ಮಹಾರುದ್ರಪ್ಪ.

"ನಿಯಮದಾಗ ತಗಡ ಹಚ್ಚಬಾರದು ಅಂತ ಅದ, ದಪ್ಪ ಹಲಿಗಿ ಹಚ್ಚಬಾರದು ಅಂತ ಅದ. ಅಗಸಿ ಬ್ಯಾಡ ಅಂತ ಎಲ್ಲದ ತೋರಸ್ರಿ," ಎನ್ನುತ್ತಾರೆ ಎದುರಾಳಿ ಗಯಾಸುದ್ದೀನ್. "ಮುಂದಿನ ಸಲ ನಾನೂ ಅದನ್ನೇ ತುಂಬಾಂವ."

ದ್ರೌಪತಿ ಮಾತ್ರ ಜಂಬ ಕೊಚ್ಚುವುದಿಲ್ಲ. "ಸುಳ್ಳ ಯಾಕ ಹೇಳ್ಲಿ? ಸಣ್ಣ ಕಾಳು, ತೂಕ ಸರಿ ಮಾಡ್ಲಿಕ್ಕ ಚಂದ ಅಂತ ಹಾಕಿದ್ದೆ. ಹಿಂಗ ಆಗ್ತದಂತ ನನಗೂ ಗೊತ್ತಿದ್ದಿಲ್ರಿ."

ಸೋಮವಾರ ಪೇಂಟರ್ ತುಳಜಾರಾಮ ಏಣಿ ಹಾಕಿದ್ದಾನೆ. ಸಾಹುಕಾರರ ಹೆಸರೇ ಬೋರ್ಡಿನ ತುಂಬ ಇದೆ; ಉಳಿದಿರುವುದು ಕೆಳಗಿನ ಮೂಲೆ. "ಅಕ್ಕಾ, ಬರೇ ಹೆಸರೇನು, ಮರ್ಯಾದಿಗೆ ಮುಂದ 'ಬಾಯಿ' ಹಚ್ಚಲೇನು?" ಎಂದು ಮೇಲಿನಿಂದ ಕೂಗುತ್ತಾನೆ.

"ಐವತ್ತೊಂದು," ಎನ್ನುತ್ತಾರೆ ಒಳಗಿನಿಂದ ದ್ರೌಪತಿ.

ಸುತ್ತು ಮುಗಿಸಿ, ಕೈಯೊರೆಸಿಕೊಂಡು ರಸ್ತೆಗೆ ಬರುವ ಹೊತ್ತಿಗೆ ಹೆಸರು ಬಿದ್ದಾಗಿದೆ, ಕಡಲೆಕಾಳಿನಷ್ಟು ಅಕ್ಷರಗಳಲ್ಲಿ. ಸಣ್ಣದಾಯಿತಲ್ಲ ಎಂದು ನಾನೇ ಅನ್ನುತ್ತೇನೆ. ಅವರು ತಲೆಯೆತ್ತಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ, ಮತ್ತೊಮ್ಮೆ ಓದುತ್ತಾರೆ.

"ಇರ್ಲಿ ಬಿಡ್ರಿ ಕಾಕಾ. ಮೋಟಾರ್ ಸುಟ್ಟವ್ರು ಹತ್ರ ಬಂದೇ ಓದ್ತಾರ."